ಮೂರು ಬಾಗಿಲಿನ ಕಪ್ಪು ಕಾರು

ಜೂನ್ 5, 2005, ಭಾನುವಾರ

ನಿವೃತ್ತನಾಗಿ ಇನ್ನೂ ವಾರ ತುಂಬಿಲ್ಲ, ಆಗಲೇ ಸುಂದರಾಬಾಯಿ ನನ್ನನ್ನು ಅಡುಗೆಮನೆಯಿಂದ ಹೊರಗೆ ಹಾಕಿದ್ದಾಳೆ. ಕುಕ್ಕರಿನ ಹಿಡಿಕೆಯ ತಿರುಪು ಸಡಿಲಾಗಿದೆ ಎಂದೆ. ಅಕ್ಕಿಯಲ್ಲಿ ಹರಳಿದೆ ಎಂದೆ. ಹಾಲಿನವನ ಅಳತೆ ಸರಿಯಿಲ್ಲ ಎಂದೆ. ಮೂರೂ ನಿಜವೇ.

"ಕಾರ್ಖಾನಿ ಬಿಟ್ಟು ಬಂದೀರಿ, ಇನ್ನ ನನ್ನ ಮನೀನ ಕಾರ್ಖಾನಿ ಮಾಡಬ್ಯಾಡ್ರಿ. ಆ ಡೈರಿ ಖಾಲಿ ಬಿದ್ದೈತಿ, ಅದರಾಗ ಬರಕೋರಿ," ಎಂದಳು. ಹಾಗಾಗಿ ಕುಳಿತಿದ್ದೇನೆ.

ಲಿಂಗಸುಗೂರು ಬಿಟ್ಟು ತೆಲುಗರ ಈ ರಾಜಧಾನಿಗೆ ಬಂದಾಗಿನಿಂದ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವನು ನಾನು. ಬೇರೆಯವರು ಮಾಡಿದ ಬಿಡಿಭಾಗ ಅಳೆದು, ಸರಿ ಇದ್ದರೆ ಹಸಿರು ಚೀಟಿ, ತಪ್ಪಿದ್ದರೆ ಕೆಂಪು ಚೀಟಿ. ಕೆಂಪು ಚೀಟಿಯ ಅಮರೇಶಪ್ಪ ಎಂದೇ ಹೆಸರಾಗಿತ್ತು. ಅದನ್ನು ಬೈಗುಳ ಎಂದುಕೊಂಡವನಲ್ಲ.

ಈಗ ಉಪ್ಪಲ್ಲಿನ ಸ್ವಂತ ಮನೆಯ ಮಾಳಿಗೆಯ ಮೇಲೆ ಕುಳಿತು ರಸ್ತೆ ನೋಡುತ್ತೇನೆ. ಕಾರು ನೋಡುವುದು ಹಳೆಯ ಚಟ. ಒಂದನ್ನೂ ಕೊಂಡವನಲ್ಲ, ನಡೆಸಿದವನೂ ಅಲ್ಲ. ಆದರೆ ಸ್ಟ್ಯಾಂಡರ್ಡ್ ಗೆಜೆಲ್ ನೋಡಿದ್ದೇನೆ, ಬೆಂಗಳೂರಿನಲ್ಲಿ ಫೈಬರಿನಿಂದ ಮಾಡಿದ ಡಾಲ್ಫಿನ್ ಮುಟ್ಟಿದ್ದೇನೆ. ಒಮ್ಮೆ ಅಬಿಡ್ಸಿನಲ್ಲಿ ರೋವರ್ ಮಾಂಟೆಗೊ ಕಂಡು, ಚಲಿಸುತ್ತಿದ್ದ ಬಸ್ಸಿನಿಂದ ಇಳಿದು ಒಂದು ಚಪ್ಪಲಿ ಕಳೆದುಕೊಂಡಿದ್ದೇನೆ. ಈಗ ಐಟಿ ಹುಡುಗರ ಸಂಬಳದಿಂದ ರಸ್ತೆ ತುಂಬ ಕಾರುಗಳೇ. ಎಲ್ಲ ಒಂದೇ ಥರ, ಒಂದೇ ಬಣ್ಣ. ನೋಡುವವನಿಗೆ ಏನೂ ಸಿಗುವುದಿಲ್ಲ.

ಮಗಳು ಸಂಯುಕ್ತಾ ಹೊಸ ಮೊಬೈಲ್ ತಂದಿದ್ದಾಳೆ. ಕೇಳಿ ಇಸಿದುಕೊಂಡು ನೋಡಿದೆ. ಹಿಂದಿನ ಮುಚ್ಚಳ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಎದ್ದಿದೆ. ಹೇಳಿದೆ. "ಹೌದೇನ್ರಿ," ಎಂದು ಒಳಗೆ ಹೋದಳು.

ಜೂನ್ 14, ಮಂಗಳವಾರ

ಇವತ್ತು ಬರೆಯುವಂಥದ್ದು ಇದೆ!

ಸಂಯುಕ್ತಾ ದಿನಾ ಮಾಧಾಪುರದ ಐಟಿ ಆಫೀಸಿನಿಂದ ಕಂಪನಿಯ ಗಾಡಿಯಲ್ಲಿ ಬರುತ್ತಾಳೆ. ಇವತ್ತು ದೀಪ ಹಚ್ಚುವ ಹೊತ್ತಿಗೆ ಓಣಿಯ ತಿರುವಿನಲ್ಲಿ ಒಂದು ಕಪ್ಪು ಕಾರಿನಿಂದ ಇಳಿದಳು. ಜೆನ್. ಆದರೆ ಎರಡು ಪಕ್ಕಕ್ಕೆ ಒಂದೊಂದೇ ಉದ್ದನೆಯ ಬಾಗಿಲು, ಹಿಂದೆ ಒಂದು. ಮೂರು ಬಾಗಿಲಿನ ಜೆನ್! ಎರಡು ವರ್ಷದ ಹಿಂದೆ ಕೆಲವೇ ನೂರು ಮಾಡಿ ನಿಲ್ಲಿಸಿದರು. ಬೆಳ್ಳಿ ಬಣ್ಣದ್ದಕ್ಕೆ ಸ್ಟೀಲ್, ಕಪ್ಪಿನದಕ್ಕೆ ಕಾರ್ಬನ್ ಎಂದು ಹೆಸರು. ಪತ್ರಿಕೆಯ ಚಿತ್ರದಲ್ಲಿ ಬಿಟ್ಟರೆ ನಾನು ಕಂಡಿರಲಿಲ್ಲ. ಮೆಟ್ಟಿಲಿಳಿದು ಓಡುವಷ್ಟರಲ್ಲಿ ಹೋಗಿಬಿಟ್ಟಿತು.

"ಯಾರ ಗಾಡಿಯವ್ವಾ ಅದು?"

"ನಮ್ಮ ಟೀಮಿನ ಪವನ್ರಿ. ರಾಮಂತಾಪುರದಾಗ ಇರ್ತಾನ. ದಾರಿ ಮ್ಯಾಲ ಅಂತ ಬಿಟ್ಟು ಹೋದ."

ಊಟಕ್ಕೆ ಕುಳಿತಾಗ ಹೊಳೆಯಿತು. ನಾನು ಕೇಳಿದ್ದು ಗಾಡಿ ಯಾರದೆಂದು. ಅವಳು ಹೇಳಿದ್ದು ಬಿಟ್ಟವನು ಯಾರೆಂದು.

ಜೂನ್ 19, ಭಾನುವಾರ

ಆಫೀಸಿನ ಕೆಲಸವೆಂದು ಸಂಯುಕ್ತಾಳನ್ನು ಕರೆದೊಯ್ಯಲು ಪವನ ಬೆಳಿಗ್ಗೆಯೇ ಬಂದ. ತೆಳ್ಳಗಿನ ಹುಡುಗ, ಮಾತು ಮೆತ್ತಗೆ. ಮನೆತನ ಹುಮನಾಬಾದ್ ಕಡೆಯದು. ತಂದೆ ಚಂದ್ರಾಮ ಬೇಗಂ ಬಜಾರಿನಲ್ಲಿ ಕೊಬ್ಬರಿ, ಒಣಮೆಣಸಿನಕಾಯಿಯ ಸಗಟು ವ್ಯಾಪಾರಿಯಂತೆ. ಒಳಗೆ ಕೂಡಿಸಿ ಚಹಾ ಕೊಡಿಸಿ, ಹಾಲು ತರುತ್ತೇನೆಂದು ಹೊರಗೆ ಬಂದೆ.

ಕಾರಿನ ಹೊಳಪು ಚೆನ್ನಾಗಿತ್ತು. ಚೆನ್ನಾಗಿತ್ತು ಎಂಬುದೇ ಅನುಮಾನ. ಕಂಪನಿಯ ಬಣ್ಣ ಇಷ್ಟು ದಪ್ಪ ಕೂಡುವುದಿಲ್ಲ. ಕಿಟಕಿಯ ಗಾಜು ಇಳಿಸಿತ್ತು. ಕೈ ಹಾಕಿ ಬಾಗಿಲು ತೆರೆದೆ. ಕೀಲಿನ ಹಿಂದೆ, ರಬ್ಬರಿನ ಅಂಚಿನ ಕೆಳಗೆ ಉಗುರಿನಷ್ಟು ಅಗಲ ಬೆಳ್ಳಿ ಬಣ್ಣ. ಹುಟ್ಟಿನಿಂದ ಇದು ಸ್ಟೀಲ್. ಹಿಂದೆ ಅಂಟಿಸಿರುವ ಹೆಸರು ಕಾರ್ಬನ್.

ಒಳಗೆ ಬಂದು ಸಹಜವಾಗಿ ಕೇಳಿದೆ. "ಗಾಡಿ ಭಾಳ ಅಪರೂಪದ್ದು. ಎಷ್ಟಕ್ಕ ತಗೊಂಡ್ರಿ?"

ಪವನನಿಗೆ ಚಹಾ ನೆತ್ತಿಗೇರಿತು. ಸಂಯುಕ್ತಾಳ ಮುಖ ನೋಡಿದ. "ಅಪ್ಪಾ, ಅವನು ಚಹಾ ಕುಡೀಲಿ ಬಿಡ್ರಿ," ಎಂದಳು ಅವಳು. ಸುಂದರಾಬಾಯಿ ಯಾರೂ ಕರೆಯದಿದ್ದರೂ ಅಡುಗೆಮನೆಗೆ ಎದ್ದು ಹೋದಳು.

ಮೂರು ಜನ, ಮೂರು ಕಡೆ ನೋಟ. ಇದು ಕೆಂಪು ಚೀಟಿಯ ಮಾಲು.

ಜೂನ್ 22, ಬುಧವಾರ

ರಿಂಗ್ ರಸ್ತೆಯ ಪಕ್ಕದ ಶೆಡ್ಡಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಮುದುಕನೊಬ್ಬ ಇದ್ದಾನೆ. ಅವನನ್ನು ಕೇಳಿದೆ. ಅವನು ಕಣ್ಣು ಕಿರಿದು ಮಾಡಿ ಹೇಳಿದ್ದು: "ರಂಗ್ ಕಾಯ್ಕು ಬದಲ್ತೆ ಸಾಬ್ ಲೋಗಾಂ? ಯಾ ತೋ ಆಕ್ಸಿಡೆಂಟ್, ಯಾ ತೋ ಚೋರಿ."

ಜನ ಗಾಡಿಯ ಬಣ್ಣ ಬದಲಿಸುವುದು ಎರಡಕ್ಕೇ: ಅಪಘಾತ, ಇಲ್ಲವೇ ಕಳವು. ಬೆಳ್ಳಿಯ ಮೂರು ಬಾಗಿಲಿನದನ್ನು ಈ ಊರಲ್ಲಿ ತಾನು ಕಂಡದ್ದು ಒಂದೇ ಒಂದು ಎಂದೂ ಹೇಳಿದ. ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯ ಒಬ್ಬ ಸಾಹೇಬರದು. ಬಾಗಿಲಿಗೆ ಗೀಚಿದ್ದನ್ನು ಸರಿಮಾಡಿಸಲು ತಂದಿದ್ದರಂತೆ.

ಸುಂದರಾಬಾಯಿಗೆ ಹೇಳಿದೆ. "ಹುಡುಗಿ ಮಾರಿ ನೋಡ್ರಿ, ಎಷ್ಟು ಖುಷಿಯಾಗಿ ಐತಿ. ಅದನ್ನ ನೋಡೂದು ಬಿಟ್ಟು ಗಾಡಿ ಕೀಲು ನೋಡಾಕತ್ತೀರಿ," ಎಂದಳು.

ಖುಷಿಯಾಗಿದ್ದಾಳೆ. ಅದನ್ನೂ ನೋಡಿದ್ದೇನೆ. ಅದೇ ನನ್ನ ಚಿಂತೆ.

ಜುಲೈ 3, ಭಾನುವಾರ

ಕಂಡದ್ದನ್ನು ಕಂಡಂತೆ ಬರೆಯುತ್ತೇನೆ.

ಸಂಯುಕ್ತಾಳ ಓಢಣಿಯ ತುದಿಗೆ ಗ್ರೀಸ್. ಗಾಡಿ ಕೆಟ್ಟು, ಅವಳಿಂದ ನೂಕಿಸಿರಬೇಕು.

ಅವಳ ಬಲ ಮುಂಗೈ ಎಡಗೈಗಿಂತ ಕಪ್ಪಾಗಿದೆ. ರೊಟ್ಟಿ ಹಾಕಿಸಿಕೊಳ್ಳಲು ಎರಡೂ ಕೈ ಚಾಚಿದಾಗ ಸ್ಪಷ್ಟ ಕಂಡಿತು. ಮುಂದೆ ಎಡಗಡೆ ಕುಳಿತವಳಿಗೆ ಬಿಸಿಲು ಬೀಳಬೇಕಾದದ್ದು ಎಡಗೈಗೆ. ಬಲಗೈಗೆ ಬಿದ್ದಿದೆ ಎಂದರೆ ಅವಳು ಹಿಂದಿನ ಸೀಟಿನಲ್ಲಿ ಬಲಗಡೆ ಕೂಡುತ್ತಾಳೆ. ಅಂದರೆ ಮುಂದಿನ ಸೀಟಿನಲ್ಲಿ ಇನ್ನೊಬ್ಬ ಯಾರೋ ಇದ್ದಾನೆ.

ಯಾರು? ನಮ್ಮ ಓಣಿ ಬರುವ ಮುಂಚೆ ಅವನನ್ನು ಎಲ್ಲಿ ಇಳಿಸುತ್ತಾರೆ?

ಮೂರು ಬಾಗಿಲಿನ ಗಾಡಿಯಲ್ಲಿ ಹಿಂದೆ ಕುಳಿತವರು ತಾವಾಗಿ ಇಳಿಯುವಂತಿಲ್ಲ. ಮುಂದಿನವರು ಇಳಿದು ಸೀಟು ಮಡಿಸಬೇಕು. ಇದನ್ನು ಯೋಚಿಸಿ ಮಧ್ಯಾಹ್ನ ನಿದ್ದೆ ಬರಲಿಲ್ಲ.

ಜುಲೈ 9, ಶನಿವಾರ

ನೇರವಾಗಿ ಹೇಳಿದೆ. "ಆ ಗಾಡಿ ಬಣ್ಣ ಬದಲಿ ಮಾಡಿದ್ದೈತಿ. ಹಚ್ಚಿದ ಹೆಸರೂ ಸುಳ್ಳು. ಗಾಡಿ ಬಗ್ಗೆ ಸುಳ್ಳು ಹೇಳೋ ಹುಡುಗ ಇನ್ನೇನ್ ಖರೇ ಹೇಳ್ತಾನ?"

ಸಂಯುಕ್ತಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, "ಗಾಡಿ ಯಾವ ಬಣ್ಣದ್ದಿದ್ರ ನಿಮಗೇನ್ರಿ ಅಪ್ಪಾ?" ಎಂದಳು.

ಉತ್ತರವಲ್ಲ ಅದು.

ಜುಲೈ 14, ಗುರುವಾರ

ಬೇಗಂ ಬಜಾರಿಗೆ ಹೋದೆ. ಹೋಗಲೇಬೇಕಿತ್ತು. ಮಗಳ ತಂದೆ ಇಷ್ಟಾದರೂ ಮಾಡದಿದ್ದರೆ ಹೇಗೆ?

ಅಂಗಡಿಯಲ್ಲಿ ಮೆಣಸಿನ ಘಾಟಿಗೆ ಕಣ್ಣಲ್ಲಿ ನೀರು. ಗಾದಿಯ ಮೇಲೆ ಕುಳಿತ ಚಂದ್ರಾಮ ಸಾಹುಕಾರರು ಕನ್ನಡ ಕೇಳಿ ಮುಖ ಅರಳಿಸಿದರು. "ಬರ್ರಿ, ಕುಂದರ್ರಿ. ಚಹಾ ತರಸ್ತೀನಿ." ಪಕ್ಕದಲ್ಲಿ ಬಿಳಿ ಅಂಗಿಯ ಹಿರಿಯರೊಬ್ಬರು ಚಹಾ ಕುಡಿಯುತ್ತಿದ್ದರು. ಯಾರೋ ಗಿರಾಕಿ ಇರಬೇಕೆಂದುಕೊಂಡೆ.

"ನಿಮ್ಮ ಮಗ ಓಡಸೋ ಕಪ್ಪು ಗಾಡಿ ಯಾರದ್ರಿ?" ಎಂದು ಕೇಳಿದೆ.

"ಅದು ಅವನದಲ್ರಿ. ಆಫೀಸಿನ ಯಾರೋ ಸ್ನೇಹಿತರದು ಅಂದಿದ್ದ."

"ಯಾರು? ಹೆಸರು ಹೇಳ್ಯಾನೇನು?"

ಇಲ್ಲವೆಂದು ಅವರು ತಲೆಯಾಡಿಸಿದರು. ನನ್ನ ಲೆಕ್ಕ ಸರಿಬಂತು. ಮೂರನೆಯವನು ಇದ್ದಾನೆ. ಆಗ ನನ್ನ ದನಿ ಏರಿತು. "ಬಣ್ಣ ಬದಲಿಸಿದ ಗಾಡಿರೀ ಅದು. ಕದ್ದದ್ದೋ, ಯಾರನ್ನರ ಬಡಿದು ಬಂದದ್ದೋ ದೇವರಿಗೇ ಗೊತ್ತು. ಅದರಾಗ ನನ್ನ ಮಗಳನ್ನ ಕೂಡಿಸ್ಕೊಂಡು ದಿನಾ ಸಂಜಿಕೆ ತಿರಗಾಡಾಕತ್ತಾನ. ನೀವು ಇಲ್ಲಿ ಕೊಬ್ಬರಿ ತೂಗಾಕತ್ತೀರಿ."

ಹಮಾಲರು ನಿಂತು ನೋಡಿದರು. ಬಿಳಿ ಅಂಗಿಯವರು ಬಟ್ಟಲನ್ನು ಕೆಳಗಿಟ್ಟರು. ಅರ್ಧ ಚಹಾ ಹಾಗೇ ಇತ್ತು. ಎದ್ದು, ಚಪ್ಪಲಿ ಮೆಟ್ಟಿ, ಇಳಿದು ಹೋದರು. ಚಂದ್ರಾಮ ಸಾಹುಕಾರರು "ಶಿವಪ್ರಕಾಶಣ್ಣಾ, ಶಿವಪ್ರಕಾಶಣ್ಣಾ" ಎನ್ನುತ್ತ ಬರಿಗಾಲಲ್ಲೇ ಅವರ ಹಿಂದೆ ಓಡಿದರು.

ನಾನು ಬಸ್ಸು ಹತ್ತಿ ಬಂದೆ. ಸತ್ಯ ಹೇಳಿದಾಗ ಜನ ಎದ್ದು ಹೋಗುವುದು ಕಾರ್ಖಾನೆಯಲ್ಲೂ ಇತ್ತು.

ಜುಲೈ 15, ಶುಕ್ರವಾರ

ಸಂಯುಕ್ತಾ ಕಂಪನಿಯ ಗಾಡಿಯಲ್ಲಿ ಬಂದಳು. ಊಟ ಮಾಡಲಿಲ್ಲ.

ಜುಲೈ 17, ಭಾನುವಾರ

ಸುಂದರಾಬಾಯಿ ಹೇಳಿದಳು. ಬಿಳಿ ಅಂಗಿಯ ಶಿವಪ್ರಕಾಶ ಹುಮನಾಬಾದಿನವರು. ಅವರ ತಂಗಿಯ ಮಗಳು ರಶ್ಮಿಗೂ ಪವನನಿಗೂ ಮಾತುಕತೆಯಾಗಿ, ಆಷಾಢ ಕಳೆದ ಕೂಡಲೇ ನಿಶ್ಚಯ ಇತ್ತಂತೆ. ಸೀರೆ ತರಲು ಬಂದಿದ್ದವರು ಸೀರೆ ಕೊಳ್ಳದೆ ಹಿಂದಿರುಗಿದ್ದಾರೆ. ನಿಶ್ಚಯ ನಿಂತಿದೆ.

"ಹುಡುಗನಿಗೆ ಬ್ಯಾರೆ ಕಡೆ ನಿಶ್ಚಯ ಇಟ್ಕೊಂಡು ನಮ್ಮ ಹುಡುಗಿ ಜೋಡಿ ತಿರುಗೂದೇನು? ನಾ ಮಾಡಿದ್ದು ಛಲೋನಽ ಆತು," ಎಂದೆ.

ಸುಂದರಾಬಾಯಿ ನನ್ನನ್ನು ನೋಡಿದ ರೀತಿ ಈ ಮೊದಲು ಕಂಡಿರಲಿಲ್ಲ. ಏನೋ ಹೇಳಲು ಬಾಯಿ ತೆರೆದವಳು, "ಆಕಿನಽ ಹೇಳ್ಲಿ," ಎಂದು ಎದ್ದು ಹೋದಳು.

ಏನು ಹೇಳುವುದಿದೆ? ಪುರಾವೆ ತಂದು ಎಲ್ಲರ ಮುಂದಿಡುತ್ತೇನೆ. ಪಟಾನ್‌ಚೆರುವಿಗೆ ಹೋಗಬೇಕು. ಆ ಸಾಹೇಬರ ಗಾಡಿ ಕಳುವಾಗಿದ್ದರೆ ಎಲ್ಲ ತಿಳಿಯುತ್ತದೆ.

ಜುಲೈ 19, ಮಂಗಳವಾರ

ಬೆಳಿಗ್ಗೆ ಹೊರಟವನು ಮಧ್ಯಾಹ್ನದ ಹೊತ್ತಿಗೆ ಪಟಾನ್‌ಚೆರು ಮುಟ್ಟಿದೆ. ಎರಡು ಕಾರ್ಖಾನೆಗಳ ಗೇಟಿನಲ್ಲಿ ವಿಚಾರಿಸಿ, ಮೂರನೆಯದರಲ್ಲಿ ಕಾವಲಿನವನಿಗೆ ಗಾಡಿಯ ವರ್ಣನೆ ಹೇಳುತ್ತಲೇ ಅವನು ಫೋನ್ ಮಾಡಿದ. ಬಂದವರು ರಾಘವೇಂದ್ರ ಎಂಬವರು, ಧಾರವಾಡದ ಕಡೆಯವರು. ಕ್ಯಾಂಟೀನಿಗೆ ಕರೆದುಕೊಂಡು ಹೋದರು.

"ಕಳುವೇನ್ರಿ? ಇಲ್ಲಪಾ. ನಾನೇ ಮಾರಿದ್ನಲ್ಲ," ಎಂದರು.

"ಒಬ್ಬ ತೆಳ್ಳಗಿನ ಹುಡುಗಗ?"

"ಹುಡುಗ ಜೋಡಿಗೆ ಬಂದಿದ್ದ. ಬಾಯಿ ಬಿಡಲಿಲ್ಲ ಪಾಪ. ತಗೊಂಡಾಕಿ ಹುಡುಗಿ. ನಮ್ಮ ಕನ್ನಡದಾಕಿ. ಏನ್ ಹುಡುಗಿರೀ! ಎಂಜಿನ್ನಿನ ಮುಚ್ಚಳ ತೆಗಿಸಿದ್ಲು, ಕಾರ್ಪೆಟ್ ಎತ್ತಿಸಿದ್ಲು. ಹೊಸಾ ಚೂಡಿದಾರ ಹಾಕ್ಕೊಂಡಿದ್ಲು, ಅದರಾಗೇ ನೆಲದ ಮ್ಯಾಲೆ ಮಲಕೊಂಡು ಬ್ಯಾಟರಿ ಹಾಕಿ ಗಾಡಿ ಕೆಳಗ ನೋಡಿದ್ಲು. ಸೈಲೆನ್ಸರಿನಾಗ ಒಂದು ಸೂಜಿ ತೂತಿತ್ತು, ನನಗೇ ಗೊತ್ತಿದ್ದಿಲ್ಲ. ಹಿಡದ್ಲು. ಯಾರವ್ವಾ ನಿನಗ ಇದನ್ನೆಲ್ಲಾ ಕಲಿಸಿದ್ದು ಅಂದ್ರ, 'ಮನ್ಯಾಗ ನೋಡಿ ಕಲತೀನ್ರಿ' ಅಂದ್ಲು."

ರಾಘವೇಂದ್ರರು ಇನ್ನೊಂದು ಚಹಾ ತರಿಸಿದರು.

"ಕಪ್ಪು ಹೊಡಸ್ತೀನಿ ಅಂದಾಗ ಮಾತ್ರ ನನಗ ಹೊಟ್ಟಿ ಉರೀತ್ರಿ. ಬ್ಯಾಡವಾ, ಈ ಬಣ್ಣದ್ದು ಭಾಳ ಕಡಿಮಿ ಅವ ಅಂತ ಹೇಳಿದೆ. 'ಸರ್, ನನಗ ಕಪ್ಪು ಸೇರತದ' ಅಂದ್ಲು. ಮುಗೀತು. ನಿಮಗೇನಾಗಬೇಕ್ರಿ ಆಕಿ?"

ಮಗಳು ಎಂದೆ. ಅವರು ಜೋರಾಗಿ ನಕ್ಕು ನನ್ನ ಬೆನ್ನು ತಟ್ಟಿದರು.

ಹಿಂದಿರುಗುವಾಗ ಬಸ್ಸಿನಲ್ಲಿ ಪಾಳಿ ಮುಗಿಸಿದ ಕೆಲಸಗಾರರು, ಔಷಧಿಯ ವಾಸನೆ. ನಿಂತೇ ಬಂದೆ. ಬಲಗೈ ಬಿಸಿಲಿಗೆ ಕಪ್ಪಾಗುವುದು ಯಾರಿಗೆ ಎಂದು ಅಮೀರ್‌ಪೇಟೆ ಬರುವವರೆಗೂ ನನಗೆ ಹೊಳೆದಿರಲಿಲ್ಲ.

ಸಂಜೆ ಅವಳು ಬಂದಾಗ, "ನೀ ಗಾಡಿ ಓಡಸ್ತೀಯಂತ," ಎಂದೆ.

ಚೀಲ ಇಳಿಸದೆ ನಿಂತಳು. "ಹೌದ್ರಿ. ಪವನ ಕಲಿಸಿದ. ಓಣಿ ತನಕಾ ನಾನೇ ಓಡಿಸ್ಕೊಂಡು ಬರ್ತಿದ್ದೆ, ತಿರುವಿನಾಗ ಅವನು ಸೀಟಿಗೆ ಬರ್ತಿದ್ದ. ರಾತ್ರಿ ಅವರ ಮನಿ ಮುಂದ ನಿಲ್ಲಿಸ್ತಿದ್ದ. ಅವ್ವನ್ನ ಎರಡು ಸಲ ಕೀಸರಗುಟ್ಟದ ಗುಡೀಗೆ ಕರ್ಕೊಂಡು ಹೋಗೀನಿ."

"ನನಗ ಯಾಕ ಹೇಳಲಿಲ್ಲ? ಈ ಮನ್ಯಾಗ ಕಾರಿನ ಬಗ್ಗೆ ತಿಳಿದಾಂವ ನಾನು."

"ಅದಕ್ಕಽ ಹೇಳಲಿಲ್ಲ." ಚೀಲ ಕೆಳಗಿಟ್ಟಳು. "ನಾ ತಂದ ವಾಚು, ಚಪ್ಪಲಿ, ಫೋನು. ಮೊದಲನೇ ಪಗಾರದಾಗ ನಿಮಗ ತಂದ ಅಂಗಿ. ನೀವು ಕೈಯಾಗ ತಗೊಂಡು ಒಂದು ತಪ್ಪು ತೆಗೀದ ವಸ್ತು ಯಾವುದೈತ್ರಿ? ಒಂದರ ಇರ್ಲಿ, ನೀವು ನೋಡದೇ ಇದ್ದದ್ದು ಅಂತ ತಗೊಂಡೆ. ಅಪ್ಪಾ, ಆ ಹುಡುಗ ನಾ ಹೇಳಬ್ಯಾಡ ಅಂದಿದ್ದಕ್ಕ ಅವರಪ್ಪಗೂ ನನ್ನ ಹೆಸರು ಹೇಳಲಿಲ್ಲ. ಅವನ ಮದುವಿ ನಿಂತೈತಿ."

ಅಂಗಿಯಲ್ಲಿ ಎರಡನೆಯ ಗುಂಡಿಯ ಕಾಜು ನಿಜವಾಗಿಯೂ ಓರೆಯಾಗಿತ್ತು. ಹಾಗೆ ಹೇಳಲು ಹೊರಟು ನಿಲ್ಲಿಸಿದೆ.

ಜುಲೈ 21, ಗುರುವಾರ

ಬೇಗಂ ಬಜಾರಿಗೆ ಹೋಗಿ ತಪ್ಪಾಯಿತೆಂದು ಚಂದ್ರಾಮ ಸಾಹುಕಾರರ ಕೈ ಹಿಡಿದೆ. ಅವರು ಕೈ ಬಿಡಿಸಿಕೊಳ್ಳಲಿಲ್ಲ. ಕೊನೆಗೆ, "ನನಗ ಹೇಳಿ ಏನ್ ಮಾಡ್ತೀರಿ? ಕೇಳಿ ಎದ್ದು ಹೋದವರಿಗೆ ಹೇಳ್ರಿ," ಎಂದರು.

ಜುಲೈ 24, ಭಾನುವಾರ

ಹುಮನಾಬಾದಿಗೆ ಹೋಗಿ ಬಂದೆವು. ಬಸ್ಸಿನಲ್ಲಿ ಒಬ್ಬನೇ ಹೋಗುತ್ತೇನೆ ಎಂದಿದ್ದೆ. "ಗಾಡಿನೂ ಅವರು ನೋಡಬೇಕಲ್ರಿ," ಎಂದಳು ಸಂಯುಕ್ತಾ. ಸುಂದರಾಬಾಯಿಗೆ ಹಿಂದೆ ಕುಳಿತರೆ ಹೊಟ್ಟೆ ತೊಳಸುತ್ತದೆ, ಮುಂದೆ ಕುಳಿತಳು. ನಾನು ಮೊಣಕಾಲು ಮಡಚಿ ಹಿಂದೆ. ಬಸ್ಸು, ಲಾರಿಗಳ ನಡುವೆ ಸಂಯುಕ್ತಾ ಹೆದರದೆ ಓಡಿಸಿದಳು.

ಶಿವಪ್ರಕಾಶರು ಕಟ್ಟೆಯ ಮೇಲೆ ಕುಳಿತಿದ್ದರು. ಮಗಳು ಚಾಲಕನ ಕಡೆಯಿಂದ ಇಳಿದದ್ದನ್ನೂ, ಸುಂದರಾಬಾಯಿ ಇಳಿದು ಸೀಟು ಮಡಿಸಿದ ಮೇಲೆ ನಾನು ಬಗ್ಗಿಕೊಂಡು ಹೊರಬಂದದ್ದನ್ನೂ ನೋಡಿದರು. ನಗಲಿಲ್ಲ.

"ಗಾಡಿ ಕದ್ದದ್ದಲ್ರಿ. ನನ್ನ ಮಗಳದು. ನಿಮ್ಮ ಹುಡುಗ ಆಕಿಗೆ ಓಡಸಾಕ ಕಲಿಸ್ಯಾನ, ಅಷ್ಟಽ. ನಾ ತಿಳೀದಽ ಮಾತಾಡಿದೆ," ಎಂದೆ.

"ನಾಕು ಮಂದಿ ಮುಂದ ಆಡಿದ್ರಿ. ನಾಕು ಮಂದಿ ಮುಂದನಽ ಹೇಳ್ರಿ," ಎಂದು ಮನೆಯವರನ್ನೆಲ್ಲ ಹೊರಗೆ ಕರೆದರು. ಹೆಂಗಸರು, ಅಳಿಯಂದಿರು, ಪಕ್ಕದ ಮನೆಯವರೂ ಬಂದು ನಿಂತರು. ಅದೇ ಮಾತನ್ನು ಮತ್ತೆ ಮೊದಲಿನಿಂದ ಹೇಳಿದೆ. ಎರಡನೆಯ ಸಲ ಕಷ್ಟವಾಯಿತು.

ಬಾಗಿಲ ಬಳಿ ನಿಂತಿದ್ದ ಹುಡುಗಿ ಮಾತಾಡಿದಳು. ಅವಳೇ ರಶ್ಮಿ. "ಪವನ ಅವರು ನನಗ ಇದನ್ನ ಫೋನಿನಾಗ ಮೊದಲಽ ಹೇಳಿದ್ರು ಮಾಮಾ. ಸಂಯುಕ್ತಾಗ ಗಾಡಿ ಕಲಸಾಕತ್ತೀನಿ, ಅವರಪ್ಪಗ ಗೊತ್ತಿಲ್ಲ, ಯಾರ ಮುಂದೂ ಹೇಳಬ್ಯಾಡ ಅಂತ. ನಿಶ್ಚಯ ನಿಲ್ಲಿಸೋಮುಂದ ನನ್ನ ಒಂದು ಮಾತು ಯಾರೂ ಕೇಳಲಿಲ್ಲ."

ಶಿವಪ್ರಕಾಶರು ತಲೆ ತಗ್ಗಿಸಿದರು. ಆ ಕ್ಷಣಕ್ಕೆ ನಾವಿಬ್ಬರೂ ಒಂದೇ ಬೆಂಚಿನ ಹುಡುಗರಂತೆ ಇದ್ದೆವು. ಆಮೇಲೆ ಕಟ್ಟೆಯಿಂದ ಎದ್ದು, "ಊಟ ಮಾಡ್ಕೊಂಡು ಹೋಗ್ರಿ," ಎಂದರು.

ಊರು ದಾಟಿದ ಮೇಲೆ ಸಂಯುಕ್ತಾ ಗಾಡಿ ನಿಲ್ಲಿಸಿ, ಸ್ಟೀರಿಂಗಿಗೆ ಹಣೆ ಇಟ್ಟು ಅತ್ತಳು. ನನಗೆ ಹಿಂದಿನಿಂದ ಅವಳ ಭುಜ ಮಾತ್ರ ಮುಟ್ಟುತ್ತಿತ್ತು. ಮುಟ್ಟಿದೆ.

ಆಗಸ್ಟ್ 7, ಭಾನುವಾರ

ಶ್ರಾವಣದಲ್ಲಿ ಪವನನ ನಿಶ್ಚಯ ಎಂದು ಚಂದ್ರಾಮ ಸಾಹುಕಾರರು ಫೋನ್ ಮಾಡಿದ್ದರು. ಸುಂದರಾಬಾಯಿಯನ್ನು ಕರೆದರು. ನನ್ನನ್ನು ಕರೆದರೋ ಇಲ್ಲವೋ ತಿಳಿಯಲಿಲ್ಲ.

ಸಂಯುಕ್ತಾ ಮಾಧಾಪುರದಲ್ಲಿ ಇಬ್ಬರು ಗೆಳತಿಯರ ಜೊತೆ ಮನೆ ಹಿಡಿದಿದ್ದಾಳೆ. ದಿನಾ ಉಪ್ಪಲ್ಲಿನಿಂದ ದೂರವಾಗುತ್ತದಂತೆ. ಇವತ್ತು ಸಾಮಾನು ಒಯ್ದಳು. ಹಾಸಿಗೆ, ಪುಸ್ತಕ, ಎರಡು ಡಬ್ಬಿ. ಮೂರು ಬಾಗಿಲಿನ ಗಾಡಿಗೆ ಹಿಂದಿನಿಂದ ತುಂಬುವುದು ಸುಲಭ. ನಾನು ಎತ್ತಿ ಕೊಟ್ಟೆ, ಅವಳು ಜೋಡಿಸಿದಳು. ನಾನಾಗಿದ್ದರೆ ಬೇರೆ ಥರ ಜೋಡಿಸುತ್ತಿದ್ದೆ. ಅವಳು ಜೋಡಿಸಿದ್ದೂ ಹಿಡಿಸಿತು.

ಆಗಸ್ಟ್ 20, ಶನಿವಾರ

ರಸ್ತೆಯಲ್ಲಿ ಒಂದು ಹಳೆಯ ಪ್ಯೂಜೊ 309 ಹೋಯಿತು. ಹೇಳಲು ಯಾರೂ ಇರಲಿಲ್ಲ. ಸುಂದರಾಬಾಯಿಯನ್ನು ಕೂಗಿ ಹೇಳಿದೆ. ಸೌಟು ಹಿಡಿದುಕೊಂಡೇ ಬಂದು, "ಎಲ್ಲಿ?" ಎಂದಳು.

ಸೆಪ್ಟೆಂಬರ್ 4, ಭಾನುವಾರ

ಇವತ್ತು ವಿಶೇಷವೇನಿಲ್ಲ.

ಸಂಯುಕ್ತಾ ಊಟಕ್ಕೆ ಬಂದಿದ್ದಳು. ಓಣಿಗೆ ತಿರುಗುವಾಗಲೇ ಗಾಡಿಯ ಹಿಂದಿನಿಂದ ಟಕ್ ಟಕ್ ಎಂದು ಸಪ್ಪಳ ಬರುತ್ತಿತ್ತು. ಮಾಳಿಗೆಯ ಮೇಲಿನಿಂದಲೇ ಕೇಳಿಸಿತು. ಏನೂ ಅನ್ನಲಿಲ್ಲ. ಊಟವಾಯಿತು. ಸುಂದರಾಬಾಯಿ ಎಣ್ಣೆಗಾಯಿ ಮಾಡಿದ್ದಳು, ಚೆನ್ನಾಗಿತ್ತು, ಹೇಳಿದೆ. ಹೊರಡುವಾಗ ಅವಳು ಕೈಯಲ್ಲಿ ಕೀಲಿ ತಿರುಗಿಸುತ್ತ ನಿಂತಳು.

"ಅಪ್ಪಾ, ಹಿಂದ ಏನೋ ಒಂದು ಸಪ್ಪಳ ಬರಾಕತ್ತೈತ್ರಿ. ಮೆಕ್ಯಾನಿಕ್ಕಿಗೆ ಎರಡು ಸಲ ತೋರಿಸ್ದೆ, ತಿಳೀಲಿಲ್ಲಂತ. ನೀವು ಸ್ವಲ್ಪ ನೋಡ್ತೀರೇನು?"

ಪಕ್ಕದ ಸೀಟಿನಲ್ಲಿ ಕುಳಿತೆ. ಸ್ಟೇಡಿಯಮ್ಮಿನ ಕಡೆ ಹೊರಟೆವು. ಉಬ್ಬು ಬಂದಾಗ ಟಕ್, ಹಳ್ಳ ಬಂದಾಗ ಟಕ್ ಟಕ್. ಡಿಕ್ಕಿಯೊಳಗಿನ ಜ್ಯಾಕು ಸಡಿಲಾಗಿದೆ, ಬೇರೇನಲ್ಲ. ಮೊದಲ ತಿರುವಿನಲ್ಲೇ ತಿಳಿಯಿತು. ಅವಳು ಆಗಾಗ ತಿರುಗಿ ನನ್ನ ಮುಖ ನೋಡುತ್ತಿದ್ದಳು. ಗಾಜು ಇಳಿಸಿತ್ತು, ಮಳೆ ನಿಂತ ಗಾಳಿ ತಂಪಾಗಿತ್ತು.

ಮನೆಯ ಮುಂದೆ ಬಂದು ನಿಲ್ಲಿಸಿ, "ಗೊತ್ತಾತೇನ್ರಿ?" ಎಂದು ಕೇಳಿದಳು.

"ಇಲ್ಲವ್ವಾ, ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದು ಸುತ್ತು ಹೋಗಿ ಬರೂಣು," ಎಂದೆ.